ಕೆರೆ ಅಲ್ಲೇ ಇದೆ, ಜನ ಎಲ್ಲಿ ಹೋದರು? ಐಡಲ್‌ವೈಲ್ಡ್ ರೆಸಾರ್ಟಿನ ಕಥೆ

ಪ್ರಶ್ನೆ: ನಾವು ಅಮೆರಿಕದ ಡೆಟ್ರಾಯಿಟ್ ಹತ್ತಿರ ಇದ್ದೇವೆ. ಕಳೆದ ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಲಡಿಂಗ್ಟನ್‌ಗೆ ಹೋಗುವಾಗ ದಾರಿಯಲ್ಲಿ ಐಡಲ್‌ವೈಲ್ಡ್ ಅನ್ನೋ ಊರಿನೊಳಗೆ ಹೊಕ್ಕೆವು. ಚೆಂದದ ಕೆರೆ, ಸುತ್ತ ಚಿಕ್ಕ ಚಿಕ್ಕ ಮನೆಗಳು. ಎಷ್ಟೋ ಮನೆಗಳಿಗೆ ಬೀಗ. ಒಂದು ಕಾಲಕ್ಕೆ ಇದು ಕಪ್ಪು ಜನರ ದೊಡ್ಡ ರೆಸಾರ್ಟ್ ಆಗಿತ್ತು, ಸಮಾನತೆಯ ಕಾಯ್ದೆ ಬಂದ ಮೇಲೆ ಹಾಳಾಯಿತು ಅಂತ ಅಲ್ಲಿದ್ದವರೊಬ್ಬರು ಹೇಳಿದರು. ಶುರು ಮಾಡಿದ್ದು ಬಿಳಿಯರಂತೆ. ಎರಡೂ ನನಗೆ ಅರ್ಥವಾಗಲಿಲ್ಲ. ಬಿಳಿಯರು ಯಾಕೆ ಇವರಿಗೆ ರೆಸಾರ್ಟ್ ಮಾಡಿಕೊಟ್ಟರು? ಒಳ್ಳೆಯ ಕಾಯ್ದೆಯಿಂದ ಊರು ಯಾಕೆ ಹಾಳಾಗಬೇಕು? ಇನ್ನೊಮ್ಮೆ ಹೋದರೆ ಏನೇನು ನೋಡಬಹುದು?

ಉತ್ತರ:

ನಿಮಗೆ ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅದು ಅರ್ಧ ಕಥೆ. "1964ರಲ್ಲಿ ಕಾಯ್ದೆ ಬಂತು, ಐಡಲ್‌ವೈಲ್ಡ್ ಸತ್ತಿತು" ಅಂತ ತುಂಬಾ ಜನ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ಕೆರೆಗಿಂತ ಮೊದಲು ಕಾಡಿನ ಕಥೆಯಿಂದ ಶುರು ಮಾಡಬೇಕು.

ಹತ್ತೊಂಬತ್ತನೇ ಶತಮಾನದಲ್ಲಿ ನೀವಿರುವ ಮಿಷಿಗನ್ ರಾಜ್ಯದ ಉತ್ತರ ಭಾಗದ ತುಂಬ ಬಿಳಿ ಪೈನ್ ಮರಗಳಿದ್ದವು. 1871ರಲ್ಲಿ ಶಿಕಾಗೋ ನಗರ ಬೆಂಕಿಗೆ ಸುಟ್ಟುಹೋಯಿತಲ್ಲ, ಅದನ್ನು ಮತ್ತೆ ಕಟ್ಟಿದ್ದರಲ್ಲಿ ಈ ಮರಗಳ ಪಾಲು ದೊಡ್ಡದು. ಮರದ ಕಂಪನಿಗಳು ಕಡಿದವು, ನದಿಯಲ್ಲಿ ತೇಲಿಬಿಟ್ಟವು, ರೈಲಿಗೆ ಹಾಕಿದವು. 1900ರ ಹೊತ್ತಿಗೆ ಕಡಿಯಲು ಹೆಚ್ಚೇನೂ ಉಳಿಯಲಿಲ್ಲ. ಕಂಪನಿಗಳು ಜಾಗ ಖಾಲಿ ಮಾಡಿದವು. ಹಿಂದೆ ಉಳಿದದ್ದು ಮೋಟು ಬುಡಗಳು, ಮರಳು ನೆಲ, ನಡುವೆ ಸಣ್ಣ ಸಣ್ಣ ಕೆರೆಗಳು. ಆ ಮರಳಿನಲ್ಲಿ ಬೇಸಾಯ ಮಾಡಲು ಹೋದವರು ಕೈಸುಟ್ಟುಕೊಂಡರು. ತೆರಿಗೆ ಕಟ್ಟಲಾಗದೆ ಎಷ್ಟೋ ಜನ ಜಮೀನು ಬಿಟ್ಟು ಹೋದರು.

ಐಡಲ್‌ವೈಲ್ಡ್ ಇರುವ ಲೇಕ್ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಇಂಥದ್ದೇ ಜಾಗ. 1912ರಲ್ಲಿ ಅಲ್ಲಿಗೆ ಬಂದದ್ದು ಬ್ರಾಂಚ್ ಮನೆತನದವರು: ಇರಾಸ್ಟಸ್, ಅಡೆಲ್ಬರ್ಟ್ ಮತ್ತು ಅವರ ಹೆಂಡಂದಿರು. ಅವರೂರು ಪಕ್ಕದ ವೈಟ್ ಕ್ಲೌಡ್. ಶಿಕಾಗೋದ ಇನ್ನೆರಡು ಬಿಳಿಯ ದಂಪತಿಗಳು ಜೊತೆಗೂಡಿದರು. ಆ ಕಾಲದ ಕಾನೂನಿನ ಪ್ರಕಾರ ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿ ಇಷ್ಟು ವರ್ಷ ವಾಸವಿದ್ದರೆ ಅದು ನಿಮ್ಮದೇ ಆಗುತ್ತಿತ್ತು. ಇರಾಸ್ಟಸ್ ಹಾಗೆ ಮೂರು ವರ್ಷ ಗುಡಿಸಲು ಹಾಕಿಕೊಂಡಿದ್ದು ಹಕ್ಕು ಪಡೆದರು. ಬೇರೆ ಜಾಗವೂ ಸೇರಿ ಸುಮಾರು 2,700 ಎಕರೆ ಕೈಗೆ ಬಂತು. ಐಡಲ್‌ವೈಲ್ಡ್ ರೆಸಾರ್ಟ್ ಕಂಪನಿ ಅಂತ ಹೆಸರಿಟ್ಟರು.

ಈಗ ನಿಮ್ಮ ಮೊದಲ ಪ್ರಶ್ನೆ. ಇವರು ಇದನ್ನು ಪುಣ್ಯಕ್ಕೆ ಮಾಡಲಿಲ್ಲ. ಬಿಳಿಯರಿಗೆ ಕೆರೆ ದಂಡೆಯ ಜಾಗ ಮಾರುವವರು ಮಿಷಿಗನ್ ತುಂಬ ಇದ್ದರು. ಮಿಷಿಗನ್ ಸರೋವರದ ದಂಡೆಯ ಒಳ್ಳೊಳ್ಳೆಯ ಜಾಗವೆಲ್ಲ ಆಗಲೇ ಹೋಗಿತ್ತು. ಒಳನಾಡಿನ ಈ ಮರಳು ಜಾಗವನ್ನು ಅವರ್ಯಾರೂ ಮೂಸಿಯೂ ನೋಡುತ್ತಿರಲಿಲ್ಲ. ಆದರೆ ಕೈಯಲ್ಲಿ ನಾಲ್ಕು ಕಾಸು ಇದ್ದೂ ಯಾವ ರೆಸಾರ್ಟೂ ಒಳಗೆ ಬಿಡದ ಒಂದು ಗಿರಾಕಿ ವರ್ಗ ಇತ್ತು. ಕಂಪನಿಯ ಲೆಕ್ಕಾಚಾರ ಇದ್ದದ್ದು ಅಲ್ಲೇ.

ಆ ಗಿರಾಕಿಗಳು ಯಾರು? ದಕ್ಷಿಣದ ಹತ್ತಿ ಹೊಲಗಳನ್ನು ಬಿಟ್ಟು ಉತ್ತರದ ನಗರಗಳಿಗೆ ಬರುತ್ತಿದ್ದ ಆಫ್ರಿಕನ್ ಅಮೆರಿಕನ್ನರು. ಡೆಟ್ರಾಯಿಟ್‌ನಲ್ಲಿ 1910ರಲ್ಲಿ ಕಪ್ಪು ಜನ ಆರು ಸಾವಿರವೂ ಇರಲಿಲ್ಲ. 1920ಕ್ಕೆ ಅದು 40,000 ದಾಟಿತು. 1930ಕ್ಕೆ 1,20,000. ಶಿಕಾಗೋದಲ್ಲಿ ಇದೇ ಇಪ್ಪತ್ತು ವರ್ಷದಲ್ಲಿ 44,000 ಇದ್ದದ್ದು 2,33,000 ಆಯಿತು. ಬಂದವರಲ್ಲಿ ಹೆಚ್ಚಿನವರು ಕೂಲಿಗಳು, ಕಾರ್ಖಾನೆ ಕೆಲಸದವರು. ಇಷ್ಟು ಜನ ಒಂದೆಡೆ ಸೇರಿದಾಗ ಅವರಿಗೇ ಅಂತ ಡಾಕ್ಟರು, ವಕೀಲರು, ಮೇಷ್ಟ್ರು, ಪತ್ರಿಕೆಯವರು, ಅಂತ್ಯಕ್ರಿಯೆ ಮಾಡಿಸುವವರು, ವಿಮೆ ಏಜೆಂಟರು ಎಲ್ಲ ಬೇಕಾಯಿತು. ಹಾಗೆ ಒಂದು ಮಧ್ಯಮ ವರ್ಗ ಬೆಳೆಯಿತು.

ಅವರಿಗೆ ರಜೆ ಇತ್ತು, ದುಡ್ಡಿತ್ತು, ಹೋಗುವ ಜಾಗ ಇರಲಿಲ್ಲ.

ಇಲ್ಲೊಂದು ವಿಷಯ ಹೇಳಲೇಬೇಕು. ದಕ್ಷಿಣದ ರಾಜ್ಯಗಳಲ್ಲಿ ಭೇದ ಕಾನೂನಿನಲ್ಲೇ ಬರೆದಿತ್ತು. ಮಿಷಿಗನ್‌ನಲ್ಲಿ ಹಾಗಿರಲಿಲ್ಲ. ಹೋಟೆಲು, ಊಟದ ಮನೆಗಳಲ್ಲಿ ಬಣ್ಣ ನೋಡಿ ಭೇದ ಮಾಡಬಾರದು ಅಂತ 1885ರಲ್ಲೇ ಅಲ್ಲಿ ಕಾಯ್ದೆ ಆಗಿತ್ತು. ಡೆಟ್ರಾಯಿಟ್‌ನ ಊಟದ ಮನೆಯೊಂದರ ಕೇಸಿನಲ್ಲಿ 1890ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಕಪ್ಪು ಗಿರಾಕಿಯ ಪರವಾಗಿಯೇ ತೀರ್ಪು ಕೊಟ್ಟಿತ್ತು. ಆದರೂ ಹೋಟೆಲಿನವರು "ರೂಮು ಖಾಲಿ ಇಲ್ಲ" ಅಂದರೆ ಮುಗೀತು, ಅಲ್ವಾ? ಜಾಗದ ಕ್ರಯಪತ್ರದಲ್ಲೇ "ಬಿಳಿಯರಲ್ಲದವರಿಗೆ ಮಾರಕೂಡದು" ಅಂತ ಷರತ್ತು ಬರೆಸುತ್ತಿದ್ದರು. ಆ ಷರತ್ತನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟು ಹೇಳುವುದಕ್ಕೆ 1948 ಬರಬೇಕಾಯಿತು. ಅಂದರೆ ಕಾಗದದ ಮೇಲಿನ ಕಾಯ್ದೆಗೂ ಬಾಗಿಲಲ್ಲಿ ನಿಂತವನ ಮಾತಿಗೂ ಎಷ್ಟು ದೂರ ಅಂತ ಈ ಜನಕ್ಕೆ ಮೊದಲಿನಿಂದಲೂ ಗೊತ್ತಿತ್ತು. 1964ರ ಬಗ್ಗೆ ಮಾತಾಡುವಾಗ ಇದನ್ನು ನೆನಪಿಟ್ಟುಕೊಳ್ಳಿ.

ನೀರಿನ ವಿಷಯದಲ್ಲಂತೂ ಭೇದ ಇನ್ನೂ ಕ್ರೂರ. 1919ರ ಜುಲೈ 27ರಂದು ಶಿಕಾಗೋದಲ್ಲಿ ಮಿಷಿಗನ್ ಸರೋವರದ ದಂಡೆಯಲ್ಲಿ ಯೂಜೀನ್ ವಿಲಿಯಮ್ಸ್ ಅನ್ನೋ 17 ವರ್ಷದ ಕಪ್ಪು ಹುಡುಗ ನೀರಿನಲ್ಲಿ ತೇಲುತ್ತಾ, ಬಿಳಿಯರದು ಅಂತ ಅಂದುಕೊಂಡಿದ್ದ ಭಾಗಕ್ಕೆ ಹೋದ. ಅಲ್ಲಿ ಗೋಡೆ ಇರಲಿಲ್ಲ, ಬೇಲಿ ಇರಲಿಲ್ಲ. ಕಲ್ಲು ಬಿದ್ದವು, ಹುಡುಗ ಮುಳುಗಿ ಸತ್ತ. ಪೊಲೀಸರು ಕಲ್ಲೆಸೆದವನನ್ನು ಹಿಡಿಯಲಿಲ್ಲ. ಅಲ್ಲಿಂದ ಹೊತ್ತಿಕೊಂಡ ಗಲಭೆಯಲ್ಲಿ 38 ಜನ ಸತ್ತರು: 23 ಕಪ್ಪು ಜನ, 15 ಬಿಳಿಯರು. ಇದಾದ ಮುಂದಿನ ವರ್ಷಗಳಲ್ಲಿ ಶಿಕಾಗೋದ ಒಬ್ಬ ಕಪ್ಪು ತಂದೆಗೆ "ನಿಮ್ಮ ಮಕ್ಕಳು ಹೆದರದೆ ಈಜಬಹುದಾದ ಕೆರೆ ಇದೆ" ಅಂತ ಯಾರಾದರೂ ಹೇಳಿದರೆ, ನಾನೂರು ಕಿಲೋಮೀಟರ್ ದೂರ ದೊಡ್ಡದು ಅನಿಸುತ್ತಿರಲಿಲ್ಲ.

ಕಂಪನಿಯವರು ಮಾರಿದ ರೀತಿ ಜಾಣತನದ್ದು. ಸೈಟು ಚಿಕ್ಕದು: 25 ಅಡಿ ಅಗಲ, 100 ಅಡಿ ಉದ್ದ. ಬೆಲೆ 35 ಡಾಲರ್. ಸ್ವಲ್ಪ ಮುಂಗಡ, ಉಳಿದದ್ದು ಒಂದೊಂದು ಡಾಲರಿನ ಕಂತು. ಫೋರ್ಡ್ ಕಾರ್ಖಾನೆ 1914ರಲ್ಲಿ ಘೋಷಿಸಿದ ದಿನಗೂಲಿ 5 ಡಾಲರ್. ಆ ಕೂಲಿ ಸಿಕ್ಕವನಿಗೆ ಇದು ಏಳು ದಿನದ ಸಂಪಾದನೆ ಅಷ್ಟೇ. ಶಿಕಾಗೋ, ಡೆಟ್ರಾಯಿಟ್, ಇಂಡಿಯಾನಾಪೊಲಿಸ್‌ನಂಥ ನಗರಗಳಲ್ಲಿ ಕಪ್ಪು ಏಜೆಂಟರನ್ನೇ ಇಟ್ಟರು. 1915ರ ಸುಮಾರಿಗೆ ಆ ನಗರಗಳ ಗಣ್ಯರನ್ನು ಕರೆದುಕೊಂಡು ಹೋಗಿ ಕೆರೆ ತೋರಿಸಿ, ದೋಣಿಯಲ್ಲಿ ಕೂರಿಸಿ ಕಳಿಸಿದರು. 1920ರ ದಶಕದಲ್ಲಿ ಮೂಕಿ ಚಿತ್ರ ತೆಗೆದು ಊರೂರಲ್ಲಿ ತೋರಿಸಿದರು. ಆ ಚಿತ್ರ ಇವತ್ತಿಗೂ ಉಳಿದಿದೆ. ಸೂಟು ಹಾಕಿದ ಗಂಡಸರು, ಟೋಪಿ ಹಾಕಿದ ಹೆಂಗಸರು, ನೀರಿಗೆ ಧುಮುಕುವ ಮಕ್ಕಳು. ನೋಡಿದವರಿಗೆ ಸೈಟು ಕೊಳ್ಳಬೇಕು ಅನಿಸದೆ ಇರದು.

ಮನೆಗಳ ವಿಷಯಕ್ಕೆ ಬಂದರೆ, ಕಂಪನಿಯೇ ಮೊದಲು ಕಟ್ಟಿಸಿದ್ದು ಒಂದು ಕೋಣೆಯ ಪುಟ್ಟ ಮರದ ಗೂಡುಗಳು. ಜನ ಅವನ್ನು ತಮಾಷೆಗೆ "ಡಾಗ್‌ಹೌಸ್" ಅಂತ ಕರೆದರು. ಒಂದು ಮಂಚ, ಒಂದು ಸ್ಟೂಲು ಹಿಡಿಸಿದರೆ ಮುಗೀತು. ಬರಬರುತ್ತಾ ಜನ ತಮ್ಮ ಸೈಟುಗಳಲ್ಲಿ ತಾವೇ ಮನೆ ಹಾಕಿಕೊಂಡರು. ಬ್ಯಾಂಕುಗಳು ಕಪ್ಪು ಜನರಿಗೆ ಸಾಲ ಕೊಡುವುದು ತೀರಾ ಅಪರೂಪ. ಹಾಗಾಗಿ ಕೈಯಲ್ಲಿ ಕಾಸಿದ್ದ ವರ್ಷ ಒಂದು ಗೋಡೆ, ಮುಂದಿನ ವರ್ಷ ಛಾವಣಿ, ಅದರ ಮುಂದಿನ ವರ್ಷ ವರಾಂಡ. ನೀವು ನೋಡಿದ ಮನೆಗಳಲ್ಲಿ ಒಂದಕ್ಕೊಂದು ಹೋಲಿಕೆ ಇಲ್ಲದ್ದಕ್ಕೆ ಇದೂ ಒಂದು ಕಾರಣ.

ಸೈಟು ಕೊಂಡವರಲ್ಲಿ ದೊಡ್ಡ ಹೆಸರುಗಳಿವೆ. ಕೂದಲಿನ ಎಣ್ಣೆ, ಮುಲಾಮು ಮಾರಿ ಶ್ರೀಮಂತರಾದ ಮೇಡಮ್ ಸಿ. ಜೆ. ವಾಕರ್ ಕೊಂಡರು. ಪ್ರಸಿದ್ಧ ಚಿಂತಕ, ಹೋರಾಟಗಾರ ಡಬ್ಲ್ಯು. ಇ. ಬಿ. ಡು ಬೋಯಿಸ್ ಕೊಂಡರು. ಡು ಬೋಯಿಸ್ 1921ರಲ್ಲಿ ತಮ್ಮ ಸಂಪಾದಕತ್ವದ 'ದಿ ಕ್ರೈಸಿಸ್' ಪತ್ರಿಕೆಯಲ್ಲಿ ಈ ಜಾಗವನ್ನು ಹಾಡಿ ಹೊಗಳಿದರು. ಇಪ್ಪತ್ತು ವರ್ಷದಲ್ಲಿ ತಾವು ಕಂಡ ಅತಿ ಚೆಲುವಾದ ನೆಲ ಇದು ಅಂತ ಬರೆದರು. ಸಾಮಾನ್ಯವಾಗಿ ಅವರ ಬರಹ ಕೆಂಡದಂತೆ ಇರುತ್ತದೆ. ಆ ಮನುಷ್ಯ ಮರ, ಹಕ್ಕಿ, ಬಿಸಿಲಿನ ಬಗ್ಗೆ ಹಾಗೆ ಬರೆದದ್ದನ್ನು ಓದಿದರೆ ಅಚ್ಚರಿಯಾಗುತ್ತದೆ.

ಆದರೆ ನನ್ನ ಪ್ರಕಾರ ಐಡಲ್‌ವೈಲ್ಡ್‌ಗೆ ನಿಜವಾದ ಮರ್ಯಾದೆ ತಂದುಕೊಟ್ಟವರು ಡಾಕ್ಟರ್ ಡೇನಿಯಲ್ ಹೇಲ್ ವಿಲಿಯಮ್ಸ್. ಅವರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. 1856ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು, ಕ್ಷೌರದ ಕೆಲಸ ಮಾಡಿಕೊಂಡು ಓದಿದರು. ಶಿಕಾಗೋದಲ್ಲಿ ಡಾಕ್ಟರಾದಾಗ ಕಪ್ಪು ಡಾಕ್ಟರನ್ನು ಆಸ್ಪತ್ರೆಗಳು ಸೇರಿಸಿಕೊಳ್ಳುತ್ತಿರಲಿಲ್ಲ. ಕಪ್ಪು ಹುಡುಗಿಯರಿಗೆ ನರ್ಸಿಂಗ್ ಕಲಿಸುತ್ತಿರಲಿಲ್ಲ. ಅದಕ್ಕೆ 1891ರಲ್ಲಿ ಪ್ರಾವಿಡೆಂಟ್ ಅನ್ನೋ ಆಸ್ಪತ್ರೆಯನ್ನೇ ಶುರು ಮಾಡಿದರು. ಅಲ್ಲಿ ಕಪ್ಪು, ಬಿಳಿ ಡಾಕ್ಟರುಗಳು ಒಟ್ಟಿಗೆ ಕೆಲಸ ಮಾಡಿದರು. 1893ರಲ್ಲಿ ಎದೆಗೆ ಚಾಕು ಇರಿತವಾಗಿ ಬಂದ ಯುವಕನೊಬ್ಬನ ಎದೆ ತೆರೆದು, ಹೃದಯದ ಸುತ್ತಲಿನ ಪೊರೆಯನ್ನು ಹೊಲಿದರು. ಎಕ್ಸ್‌ರೇ ಇಲ್ಲದ, ರಕ್ತ ಕೊಡುವ ವ್ಯವಸ್ಥೆ ಇಲ್ಲದ ಕಾಲ. ರೋಗಿ ಬದುಕಿದ. ಜಗತ್ತಿನಲ್ಲಿ ಹೃದಯದ ಭಾಗದಲ್ಲಿ ಯಶಸ್ವಿಯಾದ ಮೊದಮೊದಲ ಶಸ್ತ್ರಚಿಕಿತ್ಸೆಗಳಲ್ಲಿ ಇದೂ ಒಂದು. 1913ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಶುರುವಾದಾಗ ಅದರ ಸ್ಥಾಪಕ ಸದಸ್ಯರಲ್ಲಿ ಕಪ್ಪು ಮನುಷ್ಯ ಇವರೊಬ್ಬರೇ.

ಇಂಥವರು ಐಡಲ್‌ವೈಲ್ಡ್‌ನಲ್ಲಿ ಜಾಗ ಕೊಂಡರು. ಓಕ್‌ಮಿಯರ್ ಅಂತ ಮನೆ ಕಟ್ಟಿಸಿದರು. ಸುತ್ತಲಿನ ಜಾಗವನ್ನು ಪಾಲು ಮಾಡಿ ಗೆಳೆಯರಿಗೆ ಮಾರಿದರು. ಡಾಕ್ಟರೇ ಅಲ್ಲಿ ಇದ್ದಾರೆ ಅಂದ ಮೇಲೆ ಶಿಕಾಗೋದ ದೊಡ್ಡ ಮನೆತನಗಳಿಗೆ ಇನ್ನೇನು ಬೇಕು? ಕೊನೆಗಾಲದಲ್ಲಿ ಲಕ್ವ ಹೊಡೆಯಿತು. 1931ರ ಆಗಸ್ಟ್‌ನಲ್ಲಿ ಐಡಲ್‌ವೈಲ್ಡ್‌ನಲ್ಲೇ ತೀರಿಕೊಂಡರು. ಕೆರೆಯ ಮಧ್ಯದ ನಡುಗಡ್ಡೆಗೆ ಇವತ್ತಿಗೂ ವಿಲಿಯಮ್ಸ್ ಐಲೆಂಡ್ ಅಂತಲೇ ಹೆಸರು.

ಹೊತ್ತು ಕಳೆದಂತೆ ಊರಿನ ಹಿಡಿತ ಬಿಳಿಯ ಕಂಪನಿಯ ಕೈಯಿಂದ ಜಾರಿತು. ಸೈಟು ಮಾರಿ ಮುಗಿದ ಮೇಲೆ ಕಂಪನಿಗೂ ಅಲ್ಲಿ ಹೆಚ್ಚು ಕೆಲಸ ಇರಲಿಲ್ಲ. ಸೈಟಿನ ಮಾಲೀಕರು ತಮ್ಮದೇ ಸಂಘ ಮಾಡಿಕೊಂಡರು, ನಗರಗಳಲ್ಲಿ ಅದರ ಶಾಖೆಗಳಾದವು. ಚಳಿಗಾಲದಲ್ಲಿ ಶಿಕಾಗೋದಲ್ಲಿ ಸಭೆ, ಬೇಸಿಗೆಯಲ್ಲಿ ಕೆರೆ ದಂಡೆ. ಶಿಕಾಗೋದ ಹರ್ಮನ್ ಮತ್ತು ಲೀಲಾ ವಿಲ್ಸನ್ ದಂಪತಿ 1920ರ ದಶಕದಲ್ಲಿ ಇಲ್ಲಿಗೆ ಬಂದು ಜಾಗ ಕೊಂಡು, ದಿನಸಿ ಅಂಗಡಿ, ಹೋಟೆಲು, ಪ್ಯಾರಡೈಸ್ ಕ್ಲಬ್ ಎಲ್ಲ ಕಟ್ಟಿದರು. ಅಂಚೆ ಕಚೇರಿ ಬಂತು, ಚರ್ಚು ಬಂತು. ಬರುವವರು ಮೊದಲು ಪಿಯರ್ ಮಾರ್ಕೆಟ್ ಅನ್ನೋ ಕಂಪನಿಯ ರೈಲಿನಲ್ಲಿ ಬರುತ್ತಿದ್ದರು. ಆಮೇಲೆ ಸ್ವಂತ ಕಾರು.

ಕಾರಿನ ಬಗ್ಗೆ ಒಂದು ಮಾತು. ರೈಲು, ಬಸ್ಸುಗಳಲ್ಲಿ ಆಗುವ ಅವಮಾನ ತಪ್ಪಿಸಿಕೊಳ್ಳಲು ಕಪ್ಪು ಕುಟುಂಬಗಳು ಕಾರು ಕೊಳ್ಳಲು ಆಸೆಪಡುತ್ತಿದ್ದವು. ಆದರೆ ಕಾರು ಕೊಂಡರೂ ದಾರಿಯಲ್ಲಿ ಊಟ ಎಲ್ಲಿ, ಪೆಟ್ರೋಲ್ ಎಲ್ಲಿ, ಶೌಚಾಲಯ ಎಲ್ಲಿ? ಸೂರ್ಯ ಮುಳುಗಿದ ಮೇಲೆ ಕಪ್ಪು ಜನ ಇರಕೂಡದು ಅಂತ ಅಲಿಖಿತ ನಿಯಮ ಇದ್ದ ಊರುಗಳೇ ಬೇಕಾದಷ್ಟಿದ್ದವು. ಅದಕ್ಕೇ ನ್ಯೂಯಾರ್ಕ್‌ನ ಅಂಚೆ ನೌಕರ ವಿಕ್ಟರ್ ಹ್ಯೂಗೋ ಗ್ರೀನ್ 1936ರಿಂದ 'ಗ್ರೀನ್ ಬುಕ್' ಅನ್ನೋ ಕೈಪಿಡಿ ಹೊರತಂದರು. ಯಾವ ಊರಲ್ಲಿ ಯಾವ ಹೋಟೆಲು ನಮ್ಮನ್ನು ಒಳಗೆ ಬಿಡುತ್ತದೆ ಅನ್ನೋ ಪಟ್ಟಿ. ಐಡಲ್‌ವೈಲ್ಡ್ ಅದರಲ್ಲಿತ್ತು. ಈ ಕೈಪಿಡಿ ಬೇಡವಾಗುವ ದಿನ ಒಂದಲ್ಲ ಒಂದು ದಿನ ಬರುತ್ತದೆ ಅಂತ ಗ್ರೀನ್ ಅದರಲ್ಲೇ ಬರೆದಿದ್ದರು. ತನ್ನ ಪುಸ್ತಕದ ವ್ಯಾಪಾರ ನಿಲ್ಲಲಿ ಅಂತ ತಾನೇ ಹಾರೈಸಿದ ಪ್ರಕಾಶಕ. ಐಡಲ್‌ವೈಲ್ಡ್‌ನ ಹೋಟೆಲಿನವರಿಗೆ ಆ ಹಾರೈಕೆ ತಮ್ಮ ಗಲ್ಲಾಪೆಟ್ಟಿಗೆಗೂ ತಟ್ಟುತ್ತದೆ ಅಂತ ಆಗ ಹೊಳೆದಿತ್ತೋ ಇಲ್ಲವೋ.

1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ವ್ಯಾಪಾರ ಮಂಕಾಯಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಡೆಟ್ರಾಯಿಟ್ ಕಾರ್ಖಾನೆಗಳು ಹಗಲೂ ರಾತ್ರಿ ನಡೆದವು, ಕಾರ್ಮಿಕರ ಕೈಗೆ ದುಡ್ಡು ಬಂತು. ಆಮೇಲಿನ ಹದಿನೈದು ವರ್ಷ ಐಡಲ್‌ವೈಲ್ಡ್‌ನ ಸುಗ್ಗಿ. ಮೊದಲಿದ್ದದ್ದು ಡಾಕ್ಟರು, ವಕೀಲರ ಮೌನದ ಬೇಸಿಗೆ. ಈಗ ಬಂದವರು ಕಾರ್ಖಾನೆಯವರು, ಸಣ್ಣ ವ್ಯಾಪಾರಿಗಳು. ಇವರಿಗೆ ಮೀನು ಹಿಡಿಯುವುದು ಸಾಲದು, ರಾತ್ರಿ ಸಂಗೀತವೂ ಬೇಕು. ಡೆಟ್ರಾಯಿಟ್‌ನ ಫಿಲ್ ಜೈಲ್ಸ್ ನಡುಗಡ್ಡೆಯಲ್ಲಿ ಫ್ಲಮಿಂಗೋ ಕ್ಲಬ್ ಕಟ್ಟಿದರು. ಕಾಸಾ ಬ್ಲಾಂಕಾ ಅನ್ನೋ ದೊಡ್ಡ ಹೋಟೆಲು ಎದ್ದಿತು. ರಜೆಯ ದಿನಗಳಲ್ಲಿ 25,000 ಜನ ಸೇರುತ್ತಿದ್ದರು ಅಂತ ಹೇಳುತ್ತಾರೆ.

1950ರ ದಶಕದ ರಾಜ ಅಂದರೆ ಆರ್ಥರ್ ಬ್ರ್ಯಾಗ್ಸ್. ಸ್ಯಾಗಿನಾ ಊರಿನವರು. ಅವರ ಮೂಲ ದಂಧೆ "ನಂಬರ್ಸ್", ಅಂದರೆ ನಮ್ಮ ಮಟ್ಕಾದಂಥದ್ದು. ಕಾನೂನಿನ ಕಣ್ಣಿಗೆ ಅಪರಾಧವೇ. ಆದರೆ ಬ್ಯಾಂಕು ಸಾಲ ಕೊಡದ ಜನರ ನಡುವೆ ದೊಡ್ಡ ಬಂಡವಾಳ ಇದ್ದದ್ದು ಇಂಥವರ ಹತ್ತಿರವೇ. ಅದನ್ನು ಅವರು ಪ್ಯಾರಡೈಸ್ ಕ್ಲಬ್ಬಿಗೆ ಸುರಿದರು. 'ಐಡಲ್‌ವೈಲ್ಡ್ ರೆವ್ಯೂ' ಅಂತ ಹಾಡು, ಕುಣಿತ, ಹಾಸ್ಯದ ಭಾರಿ ಪ್ರದರ್ಶನ ಕಟ್ಟಿದರು. ವೇಷಭೂಷಣ, ವಾದ್ಯಗೋಷ್ಠಿ, ಕುಣಿಯುವ ಹುಡುಗಿಯರ ತಂಡ ಎಲ್ಲ ಮೇಲ್ಮಟ್ಟದ್ದು. ಬೇಸಿಗೆ ಮುಗಿದ ಮೇಲೆ ಇದೇ ತಂಡವನ್ನು ಮಾಂಟ್ರಿಯಲ್, ಬಾಸ್ಟನ್ ಹೀಗೆ ಊರೂರಿಗೆ ಕರೆದೊಯ್ದರು. ಡೆಲ್ಲಾ ರೀಸ್, ಜಾಕಿ ವಿಲ್ಸನ್, ಟಿ-ಬೋನ್ ವಾಕರ್, ಬ್ರೂಕ್ ಬೆಂಟನ್ ಇಲ್ಲಿ ಹಾಡಿದರು. ಆಮೇಲೆ ಮೋಟೌನ್ ಅನ್ನೋ ಗ್ರಾಮಫೋನ್ ಕಂಪನಿಯಿಂದ ಜಗತ್ಪ್ರಸಿದ್ಧರಾದ ಫೋರ್ ಟಾಪ್ಸ್ ಗಾಯಕರ ತಂಡ ಪಳಗಿದ್ದೂ ಈ ವೇದಿಕೆಯಲ್ಲೇ. ಬಾಕ್ಸಿಂಗ್ ಚಾಂಪಿಯನ್ ಜೋ ಲೂಯಿಸ್ ಬಂದು ಹೋಗುತ್ತಿದ್ದರು. ಇದನ್ನು ನೋಡಲು ಅಕ್ಕಪಕ್ಕದ ಊರಿನ ಬಿಳಿಯರೂ ಬರುತ್ತಿದ್ದರು ಅನ್ನೋದು ಗಮನಿಸಬೇಕಾದ ಸಂಗತಿ. ಕಪ್ಪು ಜನರ ಬಾಗಿಲಲ್ಲಿ ಬಣ್ಣ ಕೇಳುವವರು ಇರಲಿಲ್ಲ.

ಇಷ್ಟೆಲ್ಲ ಇದ್ದ ಊರು ಹತ್ತು ವರ್ಷದಲ್ಲಿ ಖಾಲಿಯಾಯಿತು. ಈಗ ನಿಮ್ಮ ಎರಡನೇ ಪ್ರಶ್ನೆ.

1964ರ ಜುಲೈ 2ರಂದು ಅಧ್ಯಕ್ಷ ಜಾನ್ಸನ್ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದರು. ಹೋಟೆಲು, ಊಟದ ಮನೆ, ಸಿನಿಮಾ ಮಂದಿರ ಯಾವುದರಲ್ಲೂ ಬಣ್ಣದ ಮೇಲೆ ಭೇದ ಮಾಡಕೂಡದು ಅಂತಾಯಿತು. ಅಟ್ಲಾಂಟಾದ ಮೋಟೆಲಿನವರೊಬ್ಬರು ಇದನ್ನು ಪ್ರಶ್ನಿಸಿ ಕೋರ್ಟಿಗೆ ಹೋದರು. ಅದೇ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಮಿಷಿಗನ್‌ನ 1885ರ ಕಾಯ್ದೆಗೆ ಇಲ್ಲದ ಬಲ ಇದಕ್ಕಿತ್ತು. ಹಿಂದೆ ಕೇಂದ್ರ ಸರ್ಕಾರ ನಿಂತಿತ್ತು, ದೇಶದ ತುಂಬ ಚಳವಳಿ ನಿಂತಿತ್ತು. ಬೇಸಿಗೆಗೆ ಐಡಲ್‌ವೈಲ್ಡ್‌ಗೇ ಹೋಗಬೇಕು ಅನ್ನೋ ಕಟ್ಟುಪಾಡು ಹೋಯಿತು. ಜನ ಫ್ಲಾರಿಡಾಕ್ಕೆ ಹೋದರು, ಲಾಸ್ ವೇಗಾಸ್‌ಗೆ ಹೋದರು. ಇದು ನಿಜ.

ಆದರೆ ಕುಸಿತ ಶುರುವಾದದ್ದು ಅದಕ್ಕಿಂತ ಮುಂಚೆ. ಹಾಡುಗಾರರ ವಿಷಯವನ್ನೇ ನೋಡಿ. 1950ರ ದಶಕದ ಕೊನೆಗೇ ಬಿಳಿಯರ ದೊಡ್ಡ ಕ್ಲಬ್ಬುಗಳು, ಟಿವಿ, ಗ್ರಾಮಫೋನ್ ಕಂಪನಿಗಳು ಕಪ್ಪು ಕಲಾವಿದರನ್ನು ಕರೆಯತೊಡಗಿದ್ದವು. ಅಲ್ಲಿ ಸಿಗುವ ಸಂಭಾವನೆಯನ್ನು ಕಾಡಿನ ನಡುವಿನ ಎರಡು ತಿಂಗಳ ಸೀಸನ್ನಿನ ಕ್ಲಬ್ಬು ಕೊಡಲಾರದು. ದೊಡ್ಡ ಹೆಸರಿಲ್ಲದಿದ್ದರೆ ನೋಡುವವರು ಬರುವುದಿಲ್ಲ. 1960ರ ದಶಕದ ಮೊದಲ ವರ್ಷಗಳಲ್ಲಿ ಬ್ರ್ಯಾಗ್ಸ್ ಕೂಡ ಐಡಲ್‌ವೈಲ್ಡ್ ಬಿಟ್ಟರು.

ಇದಕ್ಕಿಂತ ದೊಡ್ಡ ಏಟು ಡೆಟ್ರಾಯಿಟ್‌ನಿಂದ ಬಂತು. 1947ರಿಂದ 1963ರ ಒಳಗೆ ಆ ನಗರ ಸುಮಾರು 1,34,000 ಕಾರ್ಖಾನೆ ಕೆಲಸಗಳನ್ನು ಕಳೆದುಕೊಂಡಿತು. ಕಂಪನಿಗಳು ಹೊಸ ಕಾರ್ಖಾನೆಗಳನ್ನು ಊರಾಚೆ ಕಟ್ಟಿದವು, ಯಂತ್ರಗಳು ಬಂದವು. ಕಡೆಗೆ ಸೇರಿಸಿಕೊಂಡವರನ್ನೇ ಮೊದಲು ತೆಗೆಯುವ ಪದ್ಧತಿ. ಅದರಲ್ಲಿ ಕಪ್ಪು ಕಾರ್ಮಿಕರೇ ಜಾಸ್ತಿ. ಅದೇ ಹೊತ್ತಿಗೆ ಹೆದ್ದಾರಿ ಮಾಡಲು ಡೆಟ್ರಾಯಿಟ್‌ನ ಬ್ಲ್ಯಾಕ್ ಬಾಟಮ್, ಪ್ಯಾರಡೈಸ್ ವ್ಯಾಲಿ ಅನ್ನೋ ಕಪ್ಪು ಜನರ ಪೇಟೆಗಳನ್ನು ಕೆಡವಿದರು. ಅಂಗಡಿ, ಔಷಧಾಲಯ, ಕ್ಲಬ್ಬು ಎಲ್ಲ ನೆಲಸಮ. ಐಡಲ್‌ವೈಲ್ಡ್‌ನಲ್ಲಿ ದುಡ್ಡು ಖರ್ಚು ಮಾಡುತ್ತಿದ್ದ ವ್ಯಾಪಾರಿಗಳು ಇದ್ದದ್ದೇ ಆ ಪೇಟೆಗಳಲ್ಲಿ. ಬೇರಿಗೆ ಕೊಡಲಿ ಬಿದ್ದ ಮೇಲೆ ಕೊಂಬೆಯ ಮಾತೇನು?

ಇನ್ನೂ ಒಂದು ಇದೆ, ನನಗೆ ಇದೇ ಮುಖ್ಯ ಅನಿಸುತ್ತದೆ. ಬಾಗಿಲು ತೆರೆದದ್ದು ಒಂದೇ ಕಡೆಗೆ. ಕಪ್ಪು ಗಿರಾಕಿಗಳು ಬಿಳಿಯರ ಹೋಟೆಲುಗಳಿಗೆ ಹೋದರು. ಬಿಳಿಯ ಕುಟುಂಬಗಳು ಒಂದು ವಾರ ಇದ್ದು ಬರೋಣ ಅಂತ ಕಪ್ಪು ಮಾಲೀಕರ ಹೋಟೆಲುಗಳಿಗೆ ಬರಲಿಲ್ಲ. ರಾತ್ರಿ ಪ್ರದರ್ಶನ ನೋಡಿ ಹೋಗುವುದು ಬೇರೆ, ಹೆಂಡತಿ ಮಕ್ಕಳ ಜೊತೆ ಬಂದು ಉಳಿಯುವುದು ಬೇರೆ. ಹಾಗಾಗಿ ಐಡಲ್‌ವೈಲ್ಡ್ ಹಳೆಯ ಗಿರಾಕಿ ಕಳೆದುಕೊಂಡಿತು, ಹೊಸ ಗಿರಾಕಿ ಸಿಗಲಿಲ್ಲ. ಸ್ಪರ್ಧೆ ಮಾಡಲು ಈಜುಕೊಳ, ಹವಾನಿಯಂತ್ರಣ, ಹೊಸ ಕಟ್ಟಡ ಬೇಕಿತ್ತು. ಅದಕ್ಕೆ ಸಾಲ ಬೇಕು. ಐವತ್ತು ವರ್ಷ ಸಾಲ ಕೊಡದ ಬ್ಯಾಂಕುಗಳು 1965ರಲ್ಲಿ, ಗಿರಾಕಿ ಕಡಿಮೆಯಾಗುತ್ತಿರುವ ಊರಿಗೆ, ಕೊಡುತ್ತವೆಯೇ? ಇದನ್ನು ಕಾಯ್ದೆಯ ತಪ್ಪು ಅನ್ನಲು ನನಗೆ ಮನಸ್ಸು ಬಾರದು. ಕಾಯ್ದೆ ಇನ್ನೂ ಐವತ್ತು ವರ್ಷ ಮೊದಲೇ ಬಂದಿದ್ದರೆ ಇವರು ಬ್ಯಾಂಕಿನ ಬಾಗಿಲನ್ನೂ ತಟ್ಟಬಹುದಿತ್ತು.

ಇಷ್ಟಾದರೂ ಐಡಲ್‌ವೈಲ್ಡ್‌ನವರ ಅದೃಷ್ಟ ಅಷ್ಟೇನೂ ಕೆಟ್ಟದ್ದಲ್ಲ ಅಂತ ಹೇಳಲು ಒಂದು ಉದಾಹರಣೆ ಕೊಡುತ್ತೇನೆ. ಅದೇ 1912ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್‌ನಲ್ಲಿ ವಿಲ್ಲಾ ಬ್ರೂಸ್ ಅನ್ನೋ ಕಪ್ಪು ಮಹಿಳೆ ಕಡಲ ದಂಡೆಯಲ್ಲಿ ಜಾಗ ಕೊಂಡು ರೆಸಾರ್ಟ್ ಶುರು ಮಾಡಿದರು. ಗಂಡ ಚಾರ್ಲ್ಸ್ ಜೊತೆಗಿದ್ದರು. ಸುತ್ತಲಿನ ಬಿಳಿಯರು ಸಹಿಸಲಿಲ್ಲ. 1924ರಲ್ಲಿ ನಗರದ ಆಡಳಿತ "ಪಾರ್ಕ್ ಮಾಡಬೇಕು" ಅಂತ ಆ ಜಾಗವನ್ನು ಕಿತ್ತುಕೊಳ್ಳಲು ಮುಂದಾಯಿತು. ಕುಟುಂಬಕ್ಕೆ ಅದು ವಾಪಸ್ ಸಿಕ್ಕಿದ್ದು 2022ರಲ್ಲಿ. ಮರುವರ್ಷ ಅವರು 2 ಕೋಟಿ ಡಾಲರಿಗೆ ಕೌಂಟಿಗೇ ಮಾರಿದರು. ಐಡಲ್‌ವೈಲ್ಡ್ ಅನ್ನು ಹಾಗೆ ಯಾರೂ ಕಿತ್ತುಕೊಳ್ಳಲಿಲ್ಲ. ಯಾಕೆಂದರೆ ಆ ಮರಳು ನೆಲ ಬೇರೆ ಯಾರಿಗೂ ಬೇಕಿರಲಿಲ್ಲ! ಯಾವ ಕಾರಣಕ್ಕೆ ಅದು 35 ಡಾಲರಿಗೆ ಸಿಕ್ಕಿತೋ ಅದೇ ಕಾರಣಕ್ಕೆ ಅವರ ಕೈಯಲ್ಲಿ ಉಳಿಯಿತು.

ಊರು ಪೂರ್ತಿ ಸಾಯಲೂ ಇಲ್ಲ. ಬೇಸಿಗೆಯ ಗಿರಾಕಿಗಳು ಹೋದ ಮೇಲೆ, ಡೆಟ್ರಾಯಿಟ್, ಶಿಕಾಗೋದಲ್ಲಿ ದುಡಿದು ನಿವೃತ್ತರಾದ ಕೆಲವರು ತಮ್ಮ ಬೇಸಿಗೆ ಮನೆಗೇ ಬಂದು ನೆಲೆಸಿದರು. ಲೇಕ್ ಕೌಂಟಿ ಮಿಷಿಗನ್‌ನ ಬಡ ಭಾಗಗಳಲ್ಲಿ ಒಂದು. ಹತ್ತಿರದಲ್ಲಿ ಕೆಲಸ ಇಲ್ಲ. ಹಾಗಾಗಿ ಮಕ್ಕಳು ನಿಲ್ಲಲಿಲ್ಲ. ಎಷ್ಟೋ ಸೈಟುಗಳ ಮಾಲೀಕರ ಮೊಮ್ಮಕ್ಕಳಿಗೆ ಅಜ್ಜ ಇಲ್ಲಿ ಜಾಗ ಕೊಂಡಿದ್ದೇ ಗೊತ್ತಿರುವುದಿಲ್ಲ. ನೀವು ಕಂಡ ಬೀಗಗಳಲ್ಲಿ ಕೆಲವು ಹಾಗೆ ಬಿದ್ದವು. 1979ರಲ್ಲಿ ಊರಿನ ಹಳೆಯ ಭಾಗ ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿಗೆ ಸೇರಿತು. 2010ರಲ್ಲಿ ಆ ವ್ಯಾಪ್ತಿಯನ್ನು ಇನ್ನೂ ದೊಡ್ಡದು ಮಾಡಿದರು.

ಮತ್ತೆ ಹೋಗುವುದಾದರೆ ಜುಲೈ ಅಥವಾ ಆಗಸ್ಟ್‌ನಲ್ಲಿ ಹೋಗಿ. ಉಳಿದ ತಿಂಗಳುಗಳಲ್ಲಿ ಮಾತಾಡಿಸಲು ಜನ ಸಿಗುವುದೇ ಕಷ್ಟ. ಮೊದಲು ಐಡಲ್‌ವೈಲ್ಡ್ ಹಿಸ್ಟಾರಿಕ್ ಅಂಡ್ ಕಲ್ಚರಲ್ ಸೆಂಟರ್‌ಗೆ ಹೋಗಿ ಹಳೆಯ ಫೋಟೋಗಳನ್ನು ನೋಡಿ. ಹೊರಡುವ ಮುಂಚೆ ತೆರೆದಿದೆಯೇ ಅಂತ ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು. ಆಮೇಲೆ ವಿಲಿಯಮ್ಸ್ ಐಲೆಂಡ್‌ಗೆ ಹೋಗಿ, ಫ್ಲಮಿಂಗೋ ಕ್ಲಬ್ಬಿನ ಕಟ್ಟಡ ಅಲ್ಲೇ ಇದೆ. ಪ್ಯಾರಡೈಸ್ ಕ್ಲಬ್ ಹುಡುಕಬೇಡಿ, ಅದನ್ನು ಯಾವಾಗಲೋ ಕೆಡವಿದ್ದಾರೆ. ಉಳಿದಿರುವ ಡಾಗ್‌ಹೌಸ್‌ಗಳನ್ನು ಮಕ್ಕಳಿಗೆ ತಪ್ಪದೆ ತೋರಿಸಿ. ಒಂದು ಇಡೀ ಸಂಸಾರ ಅದರಲ್ಲಿ ಬೇಸಿಗೆ ಕಳೆಯುತ್ತಿತ್ತು ಅಂದರೆ ಅವರು ನಂಬುವುದಿಲ್ಲ. ಮನೆಗಳ ಹತ್ತಿರ ಹೋಗುವಾಗ ಒಂದು ಎಚ್ಚರ: ಪಾಳು ಬಿದ್ದಂತೆ ಕಂಡರೂ ಅವು ಖಾಸಗಿ ಆಸ್ತಿ, ಒಳಗೆ ಹೋಗಿ ಫೋಟೋ ತೆಗೆಯುವವರ ಮೇಲೆ ಊರಿನವರಿಗೆ ಸಿಟ್ಟಿದೆ. ಹತ್ತಿರದ ಪೇಟೆ ಬಾಲ್ಡ್‌ವಿನ್. ಊಟ, ಪೆಟ್ರೋಲ್ ಎರಡನ್ನೂ ಅಲ್ಲೇ ಮುಗಿಸಿಕೊಂಡು ಬನ್ನಿ. ಈಜುಡುಗೆ ಒಯ್ಯಲು ಮರೆಯಬೇಡಿ, ನೀರು ಚೆನ್ನಾಗಿದೆ.